ಮಧ್ಯಾಹ್ನ ಒಂದಕ್ಕೇ ಇಡಿ

ಮಧ್ಯಾಹ್ನ ಒಂದು ಗಂಟೆಗೆ ಫೋನ್ ಮಾಡಿದರೆ ನಾನು ಎತ್ತುವುದಿಲ್ಲವೆಂದು ಪಕ್ಕದ ಮನೆ ಅಕ್ಕನಿಗೆ ಬೇಜಾರು. ಮೊನ್ನೆ ಕಾಂಪೌಂಡಿನ ಆಚೆ ಹಪ್ಪಳ ಒಣಗಿಸುತ್ತ ಕೇಳಿಯೇಬಿಟ್ಟರು: "ಆ ಹೊತ್ತಲ್ಲಿ ಅದೇನ್ರೀ ಅಂಥ ಘನಂದಾರಿ ಕೆಲಸ?"

"ಉಪನ್ಯಾಸ ಕೇಳ್ತಾ ಊಟ ಮಾಡ್ತಿರ್ತೀನಿ ಅಕ್ಕಾ. ದುಡ್ಡು ಕೊಡಬೇಕಿಲ್ಲ, ಮನೆ ಬಿಟ್ಟು ಹೋಗಬೇಕಿಲ್ಲ" ಅಂದೆ.

ಅವರಿಗೆ ನಂಬಿಕೆ ಬರಲಿಲ್ಲ. ಅವರು ಕಂಡ ಹಾಗೆ ಉಪನ್ಯಾಸವೆಂದರೆ ಸಂಜೆ ಆರಕ್ಕೆ ವೇದಿಕೆ, ಪ್ರಾರ್ಥನೆ, ಸ್ವಾಗತ ಭಾಷಣ, ಹಾರ, ಕೊನೆಗೆ ವಂದನಾರ್ಪಣೆ. ಆ ಹೊತ್ತಿಗೆ ಅವರ ಮನೆಯಲ್ಲಿ ರಾತ್ರಿ ಅಡುಗೆಯ ಕುಕ್ಕರ್ ಏರಬೇಕು, ಮೊಮ್ಮಗನ ಹೋಮ್‌ವರ್ಕ್ ನೋಡಬೇಕು. ಹೀಗಾಗಿ ಇಷ್ಟು ವರ್ಷ ಬೆಂಗಳೂರಿನಲ್ಲಿದ್ದೂ ಅವರು ಒಂದು ಉಪನ್ಯಾಸಕ್ಕೂ ಹೋದವರಲ್ಲ. ಊಟದ ಹೊತ್ತಿನ ಉಪನ್ಯಾಸ ಯಾಕೆ ಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಬೇಕಿಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಇಂಥದ್ದನ್ನು 1942ರಲ್ಲೇ ಶುರು ಮಾಡಿದರು. ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಊಟದ ಬಿಡುವಿನಲ್ಲಿ ಯಾರು ಬೇಕಾದರೂ ಬಂದು ಕೂತು ಕೇಳಬಹುದು, ಶುಲ್ಕವಿಲ್ಲ. ಈಗ ಅವನ್ನು ಆನ್‌ಲೈನಿನಲ್ಲೂ ನೋಡಬಹುದು. ಅವರ ಮಧ್ಯಾಹ್ನದ ಒಂದು ಗಂಟೆ ನಮಗೆ ಚಳಿಗಾಲದಲ್ಲಿ ಸಂಜೆ ಆರೂವರೆ; ಅವರ ಬೇಸಿಗೆಯಲ್ಲಿ ಐದೂವರೆ. ಹಾಗಾಗಿ ನಾನು ಊಟಕ್ಕೆ ಕೂತಾಗ ಹಾಕಿಕೊಳ್ಳುವುದು ರೆಕಾರ್ಡಿಂಗನ್ನೇ. ನಮ್ಮ ಊರಿನ ಕಲ್ಲು, ಕೆರೆ, ಗಿಡಮರಗಳ ಬಗ್ಗೆ ಬಲ್ಲವರು ಆಡಿದ ಮಾತೂ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ. ನನ್ನ ಒಲವು ಇದರ ಕಡೆಗೇ. ಮಧ್ಯಾಹ್ನ ಕೇಳಿದ್ದನ್ನು ಸಂಜೆ ಹೋಗಿ ನೋಡಿಕೊಂಡು ಬರಬಹುದಲ್ಲ!

ಅಕ್ಕನಿಗೆ ಕಿತ್ತಯ್ಯನ ಕತೆ ಹೇಳಿದೆ. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಪೆರ್ಬೊಳಲ್ ನಾಡಿನ ಮೇಲೆ ದಂಡು ಬಿದ್ದಾಗ ಕಿತ್ತಯ್ಯ ಕಾದಾಡಿ ಸತ್ತ ಎಂದು ಅದರಲ್ಲಿ ಬರೆದಿದೆ. ಆ ಪೆರ್ಬೊಳಲೇ ನಮ್ಮ ಹೆಬ್ಬಾಳ. ಕೆಂಪೇಗೌಡರು ಕೋಟೆ ಕಟ್ಟಿದ್ದು 1537ರಲ್ಲಿ ಅನ್ನುತ್ತೇವೆ. ಕಿತ್ತಯ್ಯ ಅದಕ್ಕಿಂತ ಏಳೆಂಟು ನೂರು ವರ್ಷ ಹಿಂದಿನವನು. ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ನಿಂತಿರುವ ಎಷ್ಟು ಜನರಿಗೆ ಈ ಹೆಸರು ಗೊತ್ತು?

ಇಂಥ ಕಲ್ಲನ್ನು ಪರದೆಯ ಮೇಲೆ ನೋಡುವುದರಲ್ಲಿ ಇನ್ನೊಂದು ಲಾಭವಿದೆ. ನೇರ ಹೋಗಿ ನಿಂತರೆ, ಸವೆದ ಅಕ್ಷರ ಎಷ್ಟೋ ಸಲ ಕಣ್ಣಿಗೆ ಹತ್ತುವುದೇ ಇಲ್ಲ. ನಡುಮಧ್ಯಾಹ್ನದ ಬಿಸಿಲಿನಲ್ಲಂತೂ ಕಲ್ಲು ಬರೀ ಬೆಳ್ಳಗೆ ಕಾಣುತ್ತದೆ. 1909ರಲ್ಲಿ ಹುಟ್ಟಿದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈಗ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸ್ಕ್ಯಾನ್ ಆದ ಕಲ್ಲಿಗೆ ಕಂಪ್ಯೂಟರಿನಲ್ಲಿ ಬೇಕಾದ ಕಡೆಯಿಂದ ಬೆಳಕು ಬಿಡಬಹುದು. ಬೆಳಕನ್ನು ಒಂದು ಪಕ್ಕಕ್ಕೆ ಸರಿಸಿದರೆ ಉಳಿಯ ಗೀರಿನೊಳಗೆ ನೆರಳು ತುಂಬಿಕೊಂಡು, ಏನೂ ಇಲ್ಲ ಅನ್ನಿಸಿದ್ದ ಜಾಗದಲ್ಲಿ ಅಕ್ಷರ ಒಂದೊಂದಾಗಿ ಎದ್ದು ಬರುತ್ತದೆ. ಅದನ್ನು ಕಂಡಾಗ ಕೈಯಲ್ಲಿದ್ದ ತುತ್ತು ಹಾಗೇ ನಿಂತುಬಿಡುತ್ತದೆ.

ಲಾಲ್‌ಬಾಗಿನ ಬಂಡೆಯ ವಿಷಯವೂ ಅಷ್ಟೇ. ಅಕ್ಕ ವರ್ಷವರ್ಷವೂ ಫ್ಲವರ್ ಶೋಗೆ ಹೋಗುತ್ತಾರೆ, ಆ ಬಂಡೆ ಮೇಲೆ ಕೂತು ಕಡಲೆಕಾಯಿ ತಿಂದು ಬರುತ್ತಾರೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಹಿಮಾಲಯ ಎದ್ದದ್ದು ಈಚೆಗೆ, ಸುಮಾರು 5 ಕೋಟಿ ವರ್ಷಗಳಿಂದ. ಭೂವಿಜ್ಞಾನದವರು ನಮ್ಮ ಬಂಡೆಯನ್ನು ಪೆನಿನ್ಸುಲಾರ್ ನೈಸ್ ಎನ್ನುತ್ತಾರೆ. ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್. ಬಗ್ಗಿ ನೋಡಿದರೆ ಬೆಳ್ಳನೆಯ ಪಟ್ಟೆ, ಕರಿಯ ಪಟ್ಟೆ ಒಂದರ ಪಕ್ಕ ಒಂದು ಬಳುಕುತ್ತ ಹೋಗಿವೆ. ಬಿಳಿಯದು ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್. ಕರಿಯದರಲ್ಲಿ ಕಪ್ಪು ಅಭ್ರಕ. ನೆಲದ ತೀರಾ ಆಳದಲ್ಲಿ ಕಾವು, ಒತ್ತಡ ಸೇರಿ ಹಾಗೆ ಬಳುಕಿಸಿವೆ. ಮೇಲಿದ್ದ ಪದರವೆಲ್ಲ ಸವೆದು ಹೋದ ಮೇಲೆ ನಮಗೆ ಕಂಡಿದೆ. ಅಲ್ಲೇ ಫಲಕ ಹಾಕಿದ್ದಾರೆ. ಆದರೆ ಫಲಕ ಓದಿ ಮುಂದೆ ಹೋಗುವುದಕ್ಕೂ, ಬಲ್ಲವರೊಬ್ಬರು ಒಂದೇ ಫೋಟೋ ಇಟ್ಟುಕೊಂಡು ಪಟ್ಟೆ ಪಟ್ಟೆಯಾಗಿ ಬಿಡಿಸಿ ಹೇಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಇಷ್ಟು ಕೇಳಿದ ಮೇಲೆ ಅಕ್ಕ ದನಿ ತಗ್ಗಿಸಿ, "ನಾವು ಊಟ ಮಾಡೋದು ಅವರಿಗೆಲ್ಲ ಕಾಣುತ್ತಾ?" ಅಂದರು. ಕಾಣುವುದಿಲ್ಲ. ಲೈವ್ ಆಗಿದ್ದರೂ ಕ್ಯಾಮೆರಾ ಆಫ್ ಮಾಡಿ, ಮ್ಯೂಟ್ ಮಾಡಿಕೊಂಡರೆ ಮುಗಿಯಿತು. ಪ್ರಶ್ನೆ ಇದ್ದರೆ ಬರೆದು ಕಳಿಸಬಹುದು. ತುಂಬಿದ ಸಭೆಯಲ್ಲಿ ಎದ್ದು ನಿಂತು ಮೈಕ್ ಹಿಡಿಯಲು ಹಿಂಜರಿಯುವವರೂ ಇಲ್ಲಿ ಧಾರಾಳವಾಗಿ ಕೇಳುತ್ತಾರೆ.

ಮಾತನ್ನು ಮನೆಯೊಳಗೇ ತಂದುಕೊಡುವ ಆಸೆ ನಮ್ಮವರಿಗೂ ಹಳೆಯದು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವಾಟ್‌ನ ಯಂತ್ರ ಇಟ್ಟು ಆಕಾಶವಾಣಿ ಆರಂಭಿಸಿದರು. ಈಗ ಯಂತ್ರ ಎಲ್ಲರ ಜೇಬಿನಲ್ಲೂ ಇದೆ. ಇನ್ನು ಬೇಕಾಗಿರುವುದು ಹೇಳುವವರು.

ಅದಕ್ಕೇ ಬಲ್ಲವರಲ್ಲಿ ಕೇಳಿಕೊಳ್ಳುತ್ತೇನೆ. ಶಾಸನ ಓದಬಲ್ಲವರೇ, ಹಕ್ಕಿ ಚಿಟ್ಟೆ ನೋಡುವವರೇ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರೇ, ನಿಮ್ಮ ತಾಲ್ಲೂಕಿನದೇ ಒಂದು ಕಲ್ಲು, ಒಂದು ಕೆರೆ ಅಥವಾ ಒಂದು ಮರ ಆರಿಸಿಕೊಳ್ಳಿ. ಕನ್ನಡದಲ್ಲಿ ಮುಕ್ಕಾಲು ಗಂಟೆ ಮಾತಾಡಿ. ಸ್ವಾಗತ ಭಾಷಣ ಬೇಡ. ಅಲ್ಲಿಗೆ ಯಾವ ಬಸ್ಸು ಹೋಗುತ್ತದೆ ಅಂತ ಕೊನೆಗೆ ಹೇಳಿ, ರೆಕಾರ್ಡಿಂಗ್ ಅಳಿಸದೆ ಇಟ್ಟಿರಿ. ಸಂಜೆ ಆರಕ್ಕೆ ಮಾತ್ರ ಇಡಬೇಡಿ, ನಮ್ಮ ಅಕ್ಕನಿಗೆ ಆಗುವುದಿಲ್ಲ.