ರಾಯರ ಕೆರೆ ಕಾಮಗಾರಿ: ಕೃಷ್ಣದೇವರಾಯರಿಗೆ ಒಂದು ಲೆಕ್ಕಪತ್ರ ಆಕ್ಷೇಪಣೆ

ಗೆ,
ಶ್ರೀಮನ್ಮಹಾರಾಜಾಧಿರಾಜ ಶ್ರೀಕೃಷ್ಣದೇವರಾಯರು,
ವಿಜಯನಗರ (2021ರಿಂದ ಜಿಲ್ಲೆ)

ವಿಷಯ: ಹೊಸಪೇಟೆಯ ರಾಯರ ಕೆರೆಗೆ ಫಲಾನುಭವಿಗಳಿಂದ ಮುಂಗಡ ಕರ ವಸೂಲಿ ಮಾಡದಿರುವ ಬಗ್ಗೆ.

ಉಲ್ಲೇಖ: ಪೋರ್ಚುಗೀಸರಾದ ಪಾಯಸ್ (ಸುಮಾರು 1520) ಮತ್ತು ನ್ಯೂನಿಜ್ (ಸುಮಾರು 1535) ಬರೆದಿಟ್ಟ ವೃತ್ತಾಂತಗಳು.

ಮಹಾಪ್ರಭುಗಳೇ,

ಯುದ್ಧದಲ್ಲಿ, ಕಾವ್ಯದಲ್ಲಿ ತಮ್ಮನ್ನು ಮೀರಿಸಿದವರಿಲ್ಲ. ಕಂದಾಯದ ವಿಷಯದಲ್ಲಿ ಮಾತ್ರ ತಾವು ತುಸು ಹಿಂದುಳಿದಿರಿ ಎಂದು ವಿನಯಪೂರ್ವಕ ತಿಳಿಸಬೇಕಾಗಿದೆ. ಎರಡು ಗುಡ್ಡಗಳ ನಡುವೆ ಏರಿ ಹಾಕಿಸಿ ಕೆರೆ ಕಟ್ಟಿಸಿದಿರಿ, ಸರಿ. ಆದರೆ ಅದರ ನೀರು ಹರಿದ ಭೂಮಿಯನ್ನು ಒಂಬತ್ತು ವರ್ಷ ಕರವಿಲ್ಲದೆ ಬಿಟ್ಟಿರಿ ಎಂದು ನ್ಯೂನಿಜ್ ಬರೆದಿದ್ದಾನೆ. ಗದ್ದೆ ತೋಟ ಹದಕ್ಕೆ ಬಂದ ಮೇಲೆ 20,000 ವರಹದಷ್ಟು ಹುಟ್ಟುವಳಿ ಬಂತೆಂಬುದನ್ನೂ ಅವನೇ ದಾಖಲಿಸಿದ್ದಾನೆ. ಮೊದಲು ನೀರು, ಆಮೇಲೆ ಕರ! ಒಂಬತ್ತು ವರ್ಷದ ಈ ನಷ್ಟಕ್ಕೆ ಯಾರ ಮಂಜೂರಾತಿ ಪಡೆದಿದ್ದಿರಿ? ತಮ್ಮ 'ಆಮುಕ್ತಮಾಲ್ಯದ'ದಲ್ಲಿ ಅರಸನಾದವನು ಕೆರೆ ಕಾಲುವೆ ಕಟ್ಟಿಸಿ ಬಡ ಒಕ್ಕಲಿಗನಿಗೆ ಕರ ಸಡಿಲಿಸಬೇಕು ಎಂದಿದ್ದೀರಂತೆ. ಕಾವ್ಯವನ್ನು ಸುತ್ತೋಲೆ ಎಂದು ಪರಿಗಣಿಸಲು ನಮ್ಮ ನಿಯಮದಲ್ಲಿ ಅವಕಾಶವಿಲ್ಲ.

ಕಾಮಗಾರಿ ನಡೆದ ರೀತಿಯ ಬಗ್ಗೆಯೂ ಆಕ್ಷೇಪಣೆ ಇದೆ. ಹದಿನೈದು ಇಪ್ಪತ್ತು ಸಾವಿರ ಆಳುಗಳು ಇರುವೆಗಳಂತೆ ಮುತ್ತಿದ್ದರು, ಕಾಲ ಕೆಳಗಿನ ನೆಲವೇ ಕಾಣುತ್ತಿರಲಿಲ್ಲ ಎನ್ನುತ್ತಾನೆ ಪಾಯಸ್. ಅದಿರಲಿ. ಕೆಲಸವನ್ನು ಸರದಾರರಿಗೆ ಪಾಲು ಹಂಚಿ, ಅವರವರ ಪಾಲಿಗೆ ಅವರವರೇ ಹೊಣೆ ಎಂದಿರಿ. ಅಂದರೆ ಏರಿ ಎಲ್ಲಿ ಕುಸಿದರೂ ಅದು ಯಾರ ಪಾಲಿನದೆಂದು ಊರಿಗೇ ಗೊತ್ತಾಗುತ್ತಿತ್ತು. ಎಂಥ ಅಪಾಯಕಾರಿ ಪದ್ಧತಿ! ನಮ್ಮ ಕಾಲದಲ್ಲಿ ಕೆರೆ ಒಂದು ಇಲಾಖೆಯದು, ಅಂಗಳದ ಪಹಣಿ ಇನ್ನೊಂದರದು, ಕೆರೆಗೆ ಹರಿಯುವ ಚರಂಡಿ ಮತ್ತೊಂದರದು, ಏರಿಯ ಮೇಲಿನ ರಸ್ತೆ ಯಾರದೋ. ಕುಸಿದರೆ ಎಲ್ಲರೂ ಸ್ಥಳ ಪರಿಶೀಲನೆಗೆ ಬರುತ್ತಾರೆ. ಏರಿ ಮತ್ತೆ ಮತ್ತೆ ಒಡೆದಾಗ ತಾವು ಅರವತ್ತು ಜನರ ತಲೆ ತೆಗೆಸಿದಿರಿ ಎಂದೂ ಪಾಯಸ್ ಹೇಳುತ್ತಾನೆ. ಇದನ್ನು ನಾನು ತಮಾಷೆಗೂ ಒಪ್ಪಲಾರೆ. ನಾವು ನೋಟಿಸು ಕೊಡುತ್ತೇವೆ, ಉತ್ತರ ಬಾರದಿದ್ದರೆ ಜ್ಞಾಪನ ಕಳಿಸುತ್ತೇವೆ.

ಇನ್ನು, ಕೆರೆಯ ಸದ್ಯದ ಸ್ಥಿತಿ. 1900ರಲ್ಲಿ ಇತಿಹಾಸಕಾರ ರಾಬರ್ಟ್ ಸೆವೆಲ್ ಬರೆಯುವ ಹೊತ್ತಿಗೇ ಅದು ಒಣಗಿತ್ತು, ಏರಿ ಹೆದ್ದಾರಿಯಾಗಿತ್ತು. ನೀರಿಗೆಂದು ಕಟ್ಟಿದ್ದರ ಮೇಲೆ ಗಾಡಿ ಓಡಿಸಿದ್ದೇವೆ, ಬಳಕೆಯಾಗಿಲ್ಲ ಎನ್ನುವಂತಿಲ್ಲ. ಅತ್ತ ಕಮಲಾಪುರದ ಕೆರೆ ಮಾತ್ರ ತಮ್ಮವರ ಕಾಲುವೆಯ ನೀರು ಕುಡಿದು ಇಂದಿಗೂ ಬದುಕಿದೆ.

ಈಗ ಮುಖ್ಯ ಸಂಗತಿ. ಕೆರೆ ಸುಧಾರಿಸಿದರೆ ಸುತ್ತಲಿನ ನಿವೇಶನಗಳ ಬೆಲೆ ಏರುತ್ತದೆ, ಬೆಲೆ ಏರಿದವನೇ ಖರ್ಚು ಕೊಡಲಿ ಎಂಬುದೊಂದು ಸಿದ್ಧಾಂತ. ತಪ್ಪೇನಿಲ್ಲ. ಅಮೆರಿಕದ ಮಿಷಿಗನ್ನಿನಲ್ಲಿ ಸರೋವರದ ದಡದ ಆಸ್ತಿಗಳ ಮೇಲೆ ಇಂಥ ವಿಶೇಷ ಕರ ಹಾಕುತ್ತಾರೆ, ಅದಕ್ಕೆ ಮೊದಲು ಜನರನ್ನು ಕೂರಿಸಿ ಅಹವಾಲು ಕೇಳುತ್ತಾರೆ. ತಮ್ಮ ಕಾಲದಲ್ಲಿ ಲೆಕ್ಕವೇ ತಲೆಕೆಳಗು: ಕೆರೆ ಕಟ್ಟಿದವನಿಗೆ, ದುರಸ್ತಿ ಮಾಡಿಸಿದವನಿಗೆ ಕಟ್ಟುಗೊಡಗೆ, ದಶವಂದ ಎಂದು ಭೂಮಿಯನ್ನೇ ಕೊಡುತ್ತಿದ್ದರು. ನಾವು ಅದನ್ನು ತಿದ್ದಿದ್ದೇವೆ. ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ಜಮೀನಿನ ಬೆಲೆ ಏರಿತೆಂದು ಬೆಟರ್‌ಮೆಂಟ್ ಲೆವಿ ಹಾಕಿದೆವು. ನೀರು ಮುಟ್ಟದ ಹೊಲದವನೂ ಫಲಾನುಭವಿಯೆನಿಸಿದ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಇಲ್ಲಿ ವಿಡಂಬನೆಗೆ ಜಾಗವಿಲ್ಲ, ಮಹಾಪ್ರಭು. ಆ ಲೆವಿಯನ್ನು ಜನ ಇನ್ನೂ ಮರೆತಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಆಸ್ತಿ ತೆರಿಗೆಯ ಬೆನ್ನಿಗೆ ಈಗಾಗಲೇ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಕೂತಿವೆ. ರಸೀದಿಯ ಪ್ರಕಾರ ನಾವು ಆರೋಗ್ಯವಂತರು, ಓದುಗರು, ಮತ್ತು ಊರಲ್ಲಿ ಭಿಕ್ಷುಕರಿಲ್ಲ. ಇದರ ಕೆಳಗೆ ಕೆರೆ ಕರ ಎಂದು ಇನ್ನೊಂದು ಸಾಲು ಸೇರಿಸುವುದು ಕಷ್ಟವೇ? ಸೇರಿಸಿದ ದಿನವೇ ಕೆರೆ ತುಂಬುತ್ತದೆ, ಕಾಗದದಲ್ಲಿ.

ಹಾಗಂತ ದುಡ್ಡೇ ಇಲ್ಲ ಎನ್ನಲಾಗದು. ತಾವು ನೋಡಿದ್ದ ಸಂಡೂರಿನ ಗುಡ್ಡಗಳನ್ನು ನಾವು ಲಾರಿಗೆ ತುಂಬಿ ಕಳಿಸಿದ್ದೇವೆ. ಆ ಅದಿರಿನ ಮಾರಾಟದಿಂದ ಹಿಡಿದಿಟ್ಟ ಹಣದಲ್ಲಿ ಬಳ್ಳಾರಿ, ಚಿತ್ರದುರ್ಗ, ತುಮಕೂರು ಭಾಗದ ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಇದೇ ನಿಜವಾದ ವಿಶೇಷ ಕರ: ಗುಡ್ಡ ಅಗೆದು ಲಾಭ ತಿಂದವನಿಂದ ಬಂದದ್ದು. ಮಾಡಬೇಕಾದ ಕೆಲಸಕ್ಕೂ ಬರವಿಲ್ಲ: ಪಕ್ಕದಲ್ಲೇ 133 ಟಿಎಂಸಿ ಹಿಡಿಯಬೇಕಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಇಷ್ಟೆಲ್ಲ ಇದ್ದೂ ಕೆರೆ ದಂಡೆಯ ಮೂವತ್ತು ನಲವತ್ತರ ಸೈಟಿನವನ ಜೇಬಿಗೇ ಮೊದಲು ಕೈ ಹಾಕುವುದಾದರೆ ಅದು ಸುಧಾರಣೆಯಲ್ಲ, ಸೋಮಾರಿತನ.

ಆದ್ದರಿಂದ ತಮ್ಮ ಮೇಲಿನ ಆಕ್ಷೇಪಣೆಗಳನ್ನೆಲ್ಲ ಕೈಬಿಟ್ಟು, ಆ ಒಂಬತ್ತು ವರ್ಷದ ಆದೇಶದ ದೃಢೀಕೃತ ನಕಲನ್ನು ದಯಪಾಲಿಸಬೇಕೆಂದು ಕೋರುತ್ತೇನೆ. ಇಲ್ಲಿ ಕೆಲವರಿಗೆ ತೋರಿಸಬೇಕಾಗಿದೆ.

ಇಂತಿ ತಮ್ಮ ವಿಧೇಯ,
ಹೊಸಪೇಟೆಯ ಒಬ್ಬ ಮನೆ ಮಾಲೀಕ

ಪ್ರತಿ: ಹೊಸಪೇಟೆ, ಕಮಲಾಪುರ, ಸಂಡೂರು, ಕಂಪ್ಲಿಯ ಕಂದಾಯ ಕಟ್ಟುವ ಎಲ್ಲರಿಗೂ. ಮುಂದೆಂದಾದರೂ ರಸೀದಿಯಲ್ಲಿ ಕೆರೆ ಕರ ಎಂಬ ಸಾಲು ಕಂಡರೆ ಹಣ ಕಟ್ಟುವ ಮೊದಲು ಮೂರು ಮಾತು ಕೇಳಿ: ಕೆರೆಯ ಗಡಿಕಲ್ಲು ಎಲ್ಲಿ ನೆಟ್ಟಿದ್ದೀರಿ, ಅಂಗಳ ಒತ್ತಿದವನಿಂದ ಎಷ್ಟು ವಸೂಲಾಯಿತು, ಈ ದುಡ್ಡು ಪ್ರತ್ಯೇಕ ಖಾತೆಗೆ ಹೋಗುತ್ತದೆಯೇ. ಉತ್ತರ ಬರೆಸಿಕೊಂಡೇ ಬನ್ನಿ.