ಮಳೆ ಪ್ರಮಾಣ ಮತ್ತು ಜಾತಿ: ಮುದ್ದೇನಹಳ್ಳಿಯಿಂದ ಒಂದು ತಜ್ಞ ವರದಿ

ಮಳೆಮಾಪಕವನ್ನು ಪಕ್ಕದಲ್ಲಿಟ್ಟುಕೊಂಡು ಕನ್ನಡ ಕಾದಂಬರಿ ಓದಿದವರು ನಂದಿ ಬೆಟ್ಟದ ಸುತ್ತಮುತ್ತ ನಾನೊಬ್ಬನೇ. ಹಾಗೆ ಓದಿ ಕಂಡುಕೊಂಡದ್ದಿಷ್ಟು: ಜಾತಿಭೇದವೆಂಬುದು ಅತಿವೃಷ್ಟಿ ಪ್ರದೇಶಗಳ ಕಾಯಿಲೆ.

ಪುರಾವೆ ಬೇಕೆ? ಉಳುಮೆಗೊಂದು ತುಂಡು ಭೂಮಿ ಬೇಕೆಂದು ಹಂಬಲಿಸಿದ, 1933ರ ‘ಚೋಮನ ದುಡಿ’ಯ ಚೋಮ ಕರಾವಳಿ ಕಡೆಯವನು. 1965ರ ‘ಸಂಸ್ಕಾರ’ದಲ್ಲಿ ನಾರಣಪ್ಪನ ಹೆಣ ಸುಡುವವರು ಯಾರೆಂದು ತೀರ್ಮಾನವಾಗದೆ ನಾರಿದ ಅಗ್ರಹಾರ ಮಲೆನಾಡಿನದು. 1973ರ ‘ಭಾರತೀಪುರ’ದ ಜಗನ್ನಾಥ ಇಂಗ್ಲೆಂಡಿನಿಂದ ಬಂದು ದಲಿತರನ್ನು ದೇವಸ್ಥಾನದೊಳಕ್ಕೆ ಕರೆದೊಯ್ಯಲು ಹೊರಟದ್ದೂ ಅದೇ ಮಲೆನಾಡಿನಲ್ಲಿ. ಕುವೆಂಪು ಅವರಂತೂ ಕಾದಂಬರಿಯ ಹೆಸರಿನಲ್ಲೇ ಮಲೆಗಳನ್ನಿಟ್ಟು ನನ್ನ ಕೆಲಸ ಹಗುರ ಮಾಡಿದ್ದಾರೆ. ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವ ಮಾತ್ರ ಸ್ವಲ್ಪ ತೊಂದರೆ ಕೊಟ್ಟಳು. ಕಳೆದುಹೋದ ಹುಂಜ ಹುಡುಕುತ್ತಾ ಅಲೆಯುವ ಆಕೆಯ ಸೀಮೆಯಲ್ಲಿ ಅಂಥ ಮಳೆಯಿಲ್ಲ. ಆದರೆ ಆ ಕಡೆ ಕಬಿನಿ ಹರಿಯುತ್ತದೆ. ತೇವಾಂಶ ಅಲ್ಲಿಂದ ಬಂದಿರಬೇಕು.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಬೇರೆ ಪುರಾವೆ ಅನವಶ್ಯಕ. ಅಲ್ಲದೆ ಈ ಕಾದಂಬರಿಗಳಲ್ಲಿ ಜಾತಿ ಮಾತಾಡುವುದು ಕನ್ನಡ. ನಮ್ಮ ಕಡೆ ಬೀದಿಯಲ್ಲಿ ಅರ್ಧ ತೆಲುಗು. ಇಲ್ಲಿಗೆ ಬಂದರೆ ಅದಕ್ಕೆ ದಾರಿ ಕೇಳುವುದೂ ಕಷ್ಟ.

ಕ್ಷೇತ್ರಕಾರ್ಯವನ್ನೂ ಬಿಟ್ಟಿಲ್ಲ. ಕತೆಗಳಲ್ಲಿ ಬರುವ ಎರಡು ಲೋಟದ ಟೀ ಅಂಗಡಿಗಾಗಿ ಸುತ್ತಾಡಿದೆ, ಸಿಗಲಿಲ್ಲ. ಈಗ ಎಲ್ಲರಿಗೂ ಪೇಪರ್ ಲೋಟ. ಕುಡಿದು ಎಸೆದರಾಯಿತು, ಯಾರ ಎಂಜಲು ಯಾರು ತೊಳೆದರೆಂಬ ಪ್ರಶ್ನೆಯೇ ಏಳುವುದಿಲ್ಲ. ಎಸೆದದ್ದನ್ನು ಬಳಿಯುವವರು ಯಾರೆಂದು ವಿಚಾರಿಸಿದೆ. ಅದಕ್ಕೆಂದೇ ಇರುವವರು ಬೆಳಿಗ್ಗೆ ಬರುತ್ತಾರಂತೆ. ಏರ್ಪಾಡು ಅಚ್ಚುಕಟ್ಟಾಗಿದೆ.

ಬಾಡಿಗೆ ಮನೆಗೆ ಬಂದವರನ್ನು ಜಾತಿ ಕೇಳುವ ಪದ್ಧತಿಯೂ ಇಲ್ಲಿಲ್ಲ. ಯಾವ ಊರು, ಊರಲ್ಲಿ ಮನೆ ಯಾವ ಕಡೆ, ಮನೆದೇವರು ಯಾವುದು, ವೆಜ್ಜೋ ನಾನ್‌ವೆಜ್ಜೋ, ಇಷ್ಟೇ. ಇಷ್ಟಾಗಿಯೂ ಅಂದಾಜು ಸಿಗದಿದ್ದರೆ ಮಾತ್ರ, ‘ತಪ್ಪು ತಿಳ್ಕೋಬೇಡಿ, ತಾವು ಯಾವ ಜನ?’ ಮೊದಲೇ ತಪ್ಪು ತಿಳಿಯಬೇಡಿ ಅಂದಮೇಲೆ ತಪ್ಪೆಲ್ಲಿಂದ ಬಂತು? ನನ್ನ ಮಹಡಿ ಮನೆಗೆ ಬಂದವರನ್ನು ನಾನೂ ಹೀಗೇ ಕೇಳುವುದು. ಚೋಮನಿಗಾಗಿ ಕರ್ಚೀಫು ಒದ್ದೆ ಮಾಡಿಕೊಂಡವನು ನಾನು. ನನ್ನ ಮೇಲೆ ಅನುಮಾನ ಬೇಡ.

ನಮ್ಮೂರಿನಲ್ಲೇ ಹುಟ್ಟಿದ ವಿಶ್ವೇಶ್ವರಯ್ಯನವರು 1918ರಲ್ಲಿ ಮೈಸೂರಿನ ದಿವಾನಗಿರಿ ಬಿಟ್ಟರಲ್ಲ ಎಂದು ಕೆಲವರು ಕೆದಕುತ್ತಾರೆ. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವ ವಿಚಾರದಲ್ಲಿ ನಾಲ್ವಡಿಯವರಿಗೂ ಅವರಿಗೂ ಹೊಂದಿಕೆಯಾಗಲಿಲ್ಲ, ನಿಜ. ಅದೇ ವಿಚಾರ ಪರಿಶೀಲಿಸಲು ಮಿಲ್ಲರ್ ಸಮಿತಿ ರಚನೆಯಾದದ್ದೂ ಆ ವರ್ಷವೇ. ನಾನದನ್ನು ‘ಪ್ರತಿಭೆ’ ಎಂಬ ಶೀರ್ಷಿಕೆಯಡಿ ಸೇರಿಸಿದ್ದೇನೆ. ಪ್ರತಿಭೆಗೂ ಮಳೆಗೂ ಸಂಬಂಧವಿಲ್ಲ.

ಉಳಿದದ್ದು ಕಂಬಾಲಪಲ್ಲಿ. ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತು, ಸುಟ್ಟವರೇ ಇಲ್ಲದ ಇಂಥ ಕತೆಯನ್ನು ಕಾದಂಬರಿಯೆಂದು ಕಳಿಸಿದ್ದರೆ, ನಂಬುವಂತಿಲ್ಲವೆಂದು ಯಾವ ಸಂಪಾದಕರಾದರೂ ಹಿಂದಿರುಗಿಸುತ್ತಿದ್ದರು. ನನ್ನ ಸಿದ್ಧಾಂತಕ್ಕಂತೂ ಇದರಿಂದ ಧಕ್ಕೆಯಿಲ್ಲ. ಚಿಂತಾಮಣಿ ಆಗಿನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ನಮ್ಮ ಜಿಲ್ಲೆಯ ಲೆಕ್ಕಕ್ಕೆ ಅದು ಬರುವುದಿಲ್ಲ. ಜಾತಿಯ ಬಗ್ಗೆ ಬರೆಯಬೇಕೆನ್ನುವ ಕಾದಂಬರಿಕಾರರು ದಯವಿಟ್ಟು ಮಲೆನಾಡಿಗೇ ಹೋಗಬೇಕಾಗಿ ವಿನಂತಿ.