ಸ್ಟೇರಿಂಗ್ ಸ್ವಯಂವರ

ಪುಣೆ ಹತ್ತಿರದ ತಳೇಗಾಂವ ದಾಭಾಡೆಗೆ ಕಾರು ಹೊಸದೇನಲ್ಲ. 2008ರಿಂದ 2020ರವರೆಗೆ ಜನರಲ್ ಮೋಟಾರ್ಸ್ ಇಲ್ಲೇ ಷೆವರ್ಲೆ ಕಾರು ತಯಾರಿಸಿತು. ಈಗ ಆ ಕಾರ್ಖಾನೆ ಹ್ಯುಂಡೈ ಪಾಲು. ಇಂಥ ಊರಲ್ಲಿ ನಮ್ಮ ಧಾರವಾಡದ ರಾಯರು ಸಾಕಿಕೊಂಡಿರುವುದು ಮಾತ್ರ ಸ್ಯಾನ್ ಸ್ಟಾರ್ಮ್: ಬೆಂಗಳೂರಿನ ಕಂಪನಿ 1990ರ ದಶಕದ ಕೊನೆಗೆ ತಂದ, ಫೈಬರ್ ಮೈಯ, ಎರಡೇ ಸೀಟಿನ ಕಾರು. ಅದರ ಸ್ಟೇರಿಂಗ್ ಸಿಪ್ಪೆ ಸುಲಿದುಕೊಂಡದ್ದೇ ಸ್ವಯಂವರ ಶುರುವಾಯಿತು.

ಮೊದಲು ಮರದ ರಿಮ್ಮಿನದು ಬಂತು. ‘ಛಂದ ಅದರೀ, ಆದ್ರ ಹಪ್ಪಳಾ ಲಟ್ಟಿಸಲಿಕ್ಕೆ ಬರೂದಿಲ್ಲ’ ಅಂದರು ರಾಯರ ಹೆಂಡತಿ, ನಮ್ಮ ವೈನಿ. 13 ಇಂಚಿನದು ರೇಸಿನವರ ಠೀವಿ ಕೊಟ್ಟಿತು. ಆದರೆ ಪವರ್ ಸ್ಟೇರಿಂಗ್ ಇಲ್ಲದ ಕಾರಿಗೆ ಚಕ್ರ ಕಿರಿದಾದಷ್ಟೂ ತೋಳಿಗೆ ಕಸರತ್ತು ಜಾಸ್ತಿ. 15 ಇಂಚಿನದು ಹಗುರವಾಗಿ ತಿರುಗುತ್ತಿತ್ತು, ಆದರೆ ಅಲ್ಲಿ ರಾಯರ ಹೊಟ್ಟೆ ಮೊದಲೇ ಜಾಗ ಹಿಡಿದಿತ್ತು. 14ಕ್ಕೆ ರಾಜಿಯಾಯಿತು. ಆಗ ಮೆಕ್ಯಾನಿಕ್ ಬಾಯಿಬಿಟ್ಟ: ಸ್ಟೇರಿಂಗ್ ರಾಡಿನ ಹಲ್ಲಿಗೂ ಚಕ್ರ ಕೂರಿಸುವ ಬಾಸ್‌ಗೂ ಜಾತಕ ಕೂಡಬೇಕಂತೆ!

ಅದೂ ಕೂಡಿತು. ತೊಗಲು ಸುತ್ತಿದ ಚಕ್ರ ಕೂತಿತು. ಹಾರ್ನ್ ಗುಂಡಿಗೆ ಮಾತ್ರ ವೈರು ಇನ್ನೂ ಸೇರಿಲ್ಲ. ಚಾಕಣ್ ರಸ್ತೆಯ ಕಂಟೇನರ್ ಲಾರಿಗಳ ನಡುವೆ ಹಾರ್ನ್ ಇಲ್ಲದ ಬಾಳುವೆ ಎಂಥದ್ದು? ರಾಯರು ತಲೆ ಹೊರಹಾಕಿ ‘ಬಾಜೂಲಾ ಘ್ಯಾ!’ ಎಂದು ಮರಾಠಿಯಲ್ಲಿ ಕೂಗುತ್ತಾರೆ. ಬಗ್ಗದಿದ್ದರೆ ಧಾರವಾಡ ಕನ್ನಡ. ಅದಕ್ಕೆ ಲಾರಿಯಷ್ಟೇ ಅಲ್ಲ, ಎಮ್ಮೆಯೂ ದಾರಿ ಬಿಡುತ್ತದೆ.